ಓದುಗರ ಪ್ರಶ್ನೆ: ಹಳೇ ಗಾಡಿಯ ಮಾಸಿದ ಬಣ್ಣ

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ತಂದೆಯವರ ಕಾಲದ ಮಹೀಂದ್ರ ಜೀಪ್ ಇದೆ. ಹಸಿರು ಬಣ್ಣ ಕಂಪನಿಯದೇ, ಆದರೆ ಕೈಯಿಟ್ಟರೆ ಪುಡಿ ಅಂಟುತ್ತದೆ. ಬೋಲ್ಟುಗಳ ಕೆಳಗೆ ತುಕ್ಕು ಇಳಿದು ಗೆರೆ ಬಿದ್ದಿದೆ. ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದರೆ ಹೀಗೇ ಉಳಿಯುತ್ತದೆ ಎನ್ನುತ್ತಾರೆ ಪೇಂಟರ್. ಹೊಡೆಸಬಹುದೇ?

ಉತ್ತರ: ಬೇಡ. ಬಿಸಿಲಿಗೆ ಪೇಂಟಿನ ಅಂಟು ಸತ್ತು, ಬರೀ ಬಣ್ಣದ ಕಣ ಮೇಲೆ ಉಳಿದಿದೆ. ಆ ಪುಡಿ ಅದೇ. ಕ್ಲಿಯರ್ ಹಿಡಿದುಕೊಳ್ಳುವುದು ಆ ಪುಡಿಯನ್ನು, ತಗಡನ್ನಲ್ಲ. ನಿಮ್ಮ ಕಡೆಯ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಯ ಅಂಚಿನಿಂದ ತೇವ ಒಳಹೊಕ್ಕು ಅದು ಸಿಪ್ಪೆಯಂತೆ ಏಳುತ್ತದೆ, ಹಳೇ ಬಣ್ಣವನ್ನೂ ಕಿತ್ತುಕೊಂಡೇ ಏಳುತ್ತದೆ.

ಕಾರ್ ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆ ಸ್ಪಂಜಿನಿಂದ ತೊಳೆಯಿರಿ. ಬಣ್ಣ ಎದ್ದ ಕಡೆ ಪ್ರೆಷರ್ ಗನ್ ಹಿಡಿಯಬೇಡಿ. ತುಕ್ಕಿನ ಗೆರೆಗೆ, 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ ಹಾಕಿ, ಬಟ್ಟೆ ನೆನೆಸಿ ಗೆರೆಯ ಮೇಲೆ ಅಂಟಿಸಿ. ಒಣಗದಂತೆ ಪ್ಲಾಸ್ಟಿಕ್ ಮುಚ್ಚಿ 20 ನಿಮಿಷ ಬಿಟ್ಟು ತೆಗೆಯಿರಿ. ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒರೆಸಿ, ಆಮೇಲೆ ಧಾರಾಳವಾಗಿ ತೊಳೆಯಿರಿ. ಆಕ್ಸಾಲಿಕ್ ಆಸಿಡ್ ವಿಷ, ಕೈಗವಸು, ಕನ್ನಡಕ ಬೇಕೇ ಬೇಕು. ಮೊದಲು ಬಾನೆಟ್ಟಿನ ಒಳಅಂಚಿನಲ್ಲಿ ಪರೀಕ್ಷಿಸಿ.

ಒಣಗಿದ ಮೇಲೆ ಸಿಲಿಕೋನ್ ಇಲ್ಲದ ಮೆದು ಪಾಲಿಶ್, ಕೈಯಲ್ಲೇ. ಬಟ್ಟೆಗೆ ಹಸಿರು ಬಂದರೆ ಗಾಬರಿ ಬೇಡ, ಕ್ಲಿಯರ್ ಇಲ್ಲದ ಪೇಂಟ್ ಹಾಗೇ ಬರುತ್ತದೆ. ಪ್ರೈಮರಿನ (ಪೇಂಟಿನ ಅಡಿಯ ಮೊದಲ ಲೇಪದ) ಬಣ್ಣ ಇಣುಕಿತೋ, ಅಲ್ಲಿಗೆ ನಿಲ್ಲಿಸಿ. ಬಾನೆಟ್ಟಿನ ಮಡಿಕೆ, ಮಡ್‌ಗಾರ್ಡಿನ ಅಂಚುಗಳಲ್ಲಿ ಪೇಂಟ್ ಅತಿ ತೆಳು, ಅಲ್ಲಿ ಉಜ್ಜಲೇಬೇಡಿ. ನಂತರ ಕಾರ್ನಾಬಾ (ಒಂದು ಜಾತಿಯ ತಾಳೆ ಎಲೆಯ ಮೇಣ) ಪೇಸ್ಟ್ ವ್ಯಾಕ್ಸ್, ತೆಳುವಾಗಿ ಎರಡು ಕೈ, ನಡುವೆ ಒಂದು ದಿನ ಬಿಟ್ಟು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ವ್ಯಾಕ್ಸ್ ಹಚ್ಚಿದರೆ ಸಾಕು.

ಅಂದಹಾಗೆ, ಜೀಪು ಸಾಯುವುದು ಮೇಲಿನಿಂದಲ್ಲ. ನೆಲದ ಮ್ಯಾಟ್ ಎತ್ತಿ ನೋಡಿ. ನೀರು ಹರಿಯುವ ತೂತುಗಳಲ್ಲಿ ಮಣ್ಣು ತುಂಬಿದ್ದರೆ ಕಡ್ಡಿ ಹಾಕಿ ಬಿಡಿಸಿ, ಚಾಸಿಯ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ, ತುಕ್ಕು ತಡೆಯುವ ಮೇಣ) ಹೊಡೆಸಿ.

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮ ಬಿಳಿ ಅಂಬಾಸಿಡರ್ ಇದೆ. ಬಾಗಿಲಲ್ಲಿ ಅಂಗೈ ಅಗಲ ಟಿಂಕರಿಂಗ್ ಆಗಿ ತಗಡು ಕಾಣುತ್ತಿದೆ. ಶೇಡ್ ಕಾರ್ಡ್ ನೋಡಿ ಕಲಸಿಕೊಟ್ಟ ಪೇಂಟ್ ತೇಪೆಯಂತೆ ಕಾಣುತ್ತಿದೆ. ಏನು ಮಾಡುವುದು?

ಉತ್ತರ: ಶೇಡ್ ಕಾರ್ಡ್ ಹೇಳುವುದು ಗಾಡಿ ಫ್ಯಾಕ್ಟರಿಯಿಂದ ಹೊರಟ ದಿನದ ಬಣ್ಣ. ನೀವು ಹೊಂದಿಸಬೇಕಾದ್ದು ತೇಪೆಯ ಪಕ್ಕದ ಬಣ್ಣಕ್ಕೆ. ಬಾನೆಟ್ಟಿಗೂ ಅಲ್ಲ, ಡಿಕ್ಕಿಯ ಒಳಮೈಗೂ ಅಲ್ಲ. ಬೇರೆ ಬಣ್ಣಗಳಿಗೆ ಮುಚ್ಚಿಟ್ಟ ಜಾಗ ಒಳ್ಳೆಯ ಸಾಕ್ಷಿ. ಆದರೆ ಬಿಳಿ ಎನಾಮಲ್ ಕತ್ತಲಲ್ಲಿ ಹಳದಿಯಾಗುತ್ತದೆ, ಬಿಸಿಲಲ್ಲಿ ಬೆಳ್ಳಗಾಗುತ್ತದೆ.

ಮೊದಲು ಹಳೇ ಪೇಂಟ್ ಯಾವುದೆಂದು ತಿಳಿಯಿರಿ. ಮರೆಯಾದ ಜಾಗದಲ್ಲಿ ಎನ್.ಸಿ. (ನೈಟ್ರೋಸೆಲ್ಯುಲೋಸ್) ತಿನ್ನರ್ ಅದ್ದಿದ ಹತ್ತಿ ಒತ್ತಿ. ಕರಗಿ ಹತ್ತಿಗೆ ಬಂದರೆ ಎನ್.ಸಿ. ಲ್ಯಾಕರ್, ಸುಕ್ಕುಗಟ್ಟಿದರೆ ಎನಾಮಲ್, ಏನೂ ಆಗದಿದ್ದರೆ ಫ್ಯಾಕ್ಟರಿಯಲ್ಲಿ ಬೇಯಿಸಿದ ಎನಾಮಲ್ ಇರಬಹುದು, ಇಲ್ಲವೇ ಆಮೇಲೆ ಯಾರೋ ಹೊಡೆಸಿದ 2ಕೆ ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಇರಬಹುದು.

ಎನಾಮಲ್ ಎಂದಿಟ್ಟುಕೊಳ್ಳೋಣ. ಇಡೀ ಬಾಗಿಲನ್ನು ಮೊದಲೇ ತೊಳೆದು ಪಾಲಿಶ್ ಮಾಡಿ. ಬಣ್ಣ ಹೊಂದಿಸಿದ ಮೇಲೆ ತೊಳೆದರೆ ಲೆಕ್ಕ ತಪ್ಪುತ್ತದೆ. ಮಾಸುವುದರಲ್ಲಿ ಎರಡು ಸಂಗತಿ ಇವೆ: ಬಣ್ಣ ತಿರುಗುವುದು, ಹೊಳಪು ಹೋಗುವುದು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗುವುದರಿಂದಲೇ ಕೆಲಸ ಕೆಡುವುದು. ಹಳೇ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಕಾಣುವುದೇ ಅದರ ನಿಜವಾದ ಬಣ್ಣ. ಪೇಂಟನ್ನು ಅದಕ್ಕೆ ಹೊಂದಿಸಿ, ಹೊಳಪನ್ನು ಕೊನೆಗೆ ಇಳಿಸಿ. 50 ಮಿ.ಲೀ. ಸಿಂಥೆಟಿಕ್ ಎನಾಮಲ್ ಸಾಕು. ಹಳದಿ, ಕಪ್ಪು, ಕಂದು ಸ್ಟೈನರ್‌ಗಳನ್ನು (ಪೇಂಟಿಗೆ ಬೆರೆಸುವ ಗಾಢ ಬಣ್ಣಗಳನ್ನು) ಹಲ್ಲುಕಡ್ಡಿಯ ತುದಿಯಲ್ಲಿ ಹನಿಹನಿಯಾಗಿ ಸೇರಿಸಿ, ಎಷ್ಟು ಹಾಕಿದಿರೆಂದು ಬರೆದಿಡಿ. ಎನಾಮಲ್ ಒಣಗಿದಾಗ ತುಸು ಗಾಢವಾಗುತ್ತದೆ, ಹಾಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಬಳಿದು ಒಂದು ರಾತ್ರಿ ಒಣಗಿಸಿ, ಬಾಗಿಲ ಮೇಲಿಟ್ಟು ನೋಡಿ. ನೆರಳಲ್ಲಿ, ಬಿಸಿಲಲ್ಲಿ, ಟ್ಯೂಬ್‌ಲೈಟಲ್ಲಿ ಮೂರೂ ಕಡೆ ನೋಡಬೇಕು. ಬಿಸಿಲಲ್ಲಿ ಕೂಡಿದ್ದು ಷೆಡ್ಡಿನೊಳಗೆ ಬೇರೆಯಾಗಿ ಕಾಣುವುದುಂಟು.

ಗಾಯದ ಅಂಚನ್ನು 800, ಆಮೇಲೆ 1200 ವಾಟರ್ ಪೇಪರಿನಿಂದ (ನೀರಿನಲ್ಲಿ ಉಜ್ಜುವ ಉಪ್ಪುಕಾಗದ) ಸೋಪುನೀರಿನಲ್ಲಿ ಇಳಿಜಾರು ಮಾಡಿ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಬೇಡಿ. ಒಣಗಿಸಿ, ಬರೀ ತಗಡಿಗೆ ಮಾತ್ರ ತೆಳು ರೆಡ್ ಆಕ್ಸೈಡ್ ಪ್ರೈಮರ್. ಅದು ಒಣಗಿದ ಮೇಲೆ ಪೇಂಟಿಗೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಎರಡು ಮೂರು ಕೈ. ಎನ್.ಸಿ. ತಿನ್ನರ್ ಹತ್ತಿರ ತಂದರೆ ಸುತ್ತಲಿನ ಹಳೇ ಬಣ್ಣ ಎದ್ದು ಸುಕ್ಕಾಗುತ್ತದೆ. ಅಂಚಿಗೆ ಟೇಪ್ ಹಾಕಿದರೆ ಗೆರೆ ಉಳಿಯುತ್ತದೆ. ಸ್ಪಂಜಿನ ತುಂಡಿನಿಂದ ತಟ್ಟಿ ಬೆರೆಸಿ. ಒಂದು ತಿಂಗಳು ಬಿಡಿ. ಆಮೇಲೆ 2000 ಪೇಪರ್ ನೀರಲ್ಲಿ ಹಗುರವಾಗಿ ಎಳೆದು, ಪಕ್ಕದ ಹೊಳಪಿಗೆ ಸಮ ಬರುವಷ್ಟೇ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಪೇಸ್ಟ್) ತಿಕ್ಕಿ.

ಪ್ರಶ್ನೆ: ಸಕಲೇಶಪುರದಿಂದ. ಹಳೇ ಯೆಜ್ಡಿಯ ಟ್ಯಾಂಕಿಗೆ ಅಗಸೆ ಎಣ್ಣೆ ಬಳಿದರೆ ಹೊಳೆಯುತ್ತದೆಂದು ವಿಡಿಯೋದಲ್ಲಿ ನೋಡಿದೆ. ಬಳಿಯಲೇ?

ಉತ್ತರ: ಮೊದಲ ವಾರ ಚೆಂದ. ಆಮೇಲೆ ಧೂಳು ಹಿಡಿದು ಹಳದಿಯಾಗುತ್ತದೆ, ನಿಮ್ಮೂರಿನ ಮಳೆಯಲ್ಲಿ ಬೂಷ್ಟೂ ಹಿಡಿಯುತ್ತದೆ. ಒಣಗಿ ಗಟ್ಟಿಯಾದರೆ ಬಣ್ಣ ಕೆಡದಂತೆ ತೆಗೆಯುವುದು ಕಷ್ಟ. ವ್ಯಾಕ್ಸೇ ಸಾಕು, ಟ್ಯಾಂಕಿನ ಮೇಲಿನ ಬಣ್ಣದ ಗೆರೆಗಳ ಉದ್ದಕ್ಕೆ ಒರೆಸಿ, ಅಡ್ಡಕ್ಕಲ್ಲ. ಈಗಾಗಲೇ ಬಳಿದಿದ್ದರೆ ಹಸಿಯಿರುವಾಗಲೇ ಒರೆಸಿಬಿಡಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ಮುಳುಗಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ.