ಸೇಫ್ಟಿ ಲಿವರ್ ಇಲ್ಲದ ಪಿಸ್ತೂಲ್ ಅಪಾಯವೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಾನು ಟೆಕ್ಸಾಸ್‌ನಲ್ಲಿದ್ದೇನೆ. ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋದಾಗ ಗ್ಲಾಕ್ 17 ಕೊಟ್ಟರು. ಅದರಲ್ಲಿ ಗುಂಡು ಹಾರದಂತೆ ಲಾಕ್ ಮಾಡುವ ಸೇಫ್ಟಿ ಲಿವರೇ ಇಲ್ಲ! ಪಕ್ಕದವರ ಬಳಿ 1911 ಅನ್ನುವ ಪಿಸ್ತೂಲ್ ಇತ್ತು, ಅದರ ಹ್ಯಾಮರ್ (ಹಿಂಭಾಗದ ಕುಟ್ಟುವ ಸುತ್ತಿಗೆ) ಪೂರ್ತಿ ಹಿಂದಕ್ಕೆ ಎಳೆದೇ ಇತ್ತು. ಎರಡೂ ನೋಡಿ ಭಯವಾಯಿತು. ಯಾವುದು ಹೆಚ್ಚು ಸುರಕ್ಷಿತ? ನನ್ನ ಮೊದಲ ಪಿಸ್ತೂಲ್ ತೆಗೆದುಕೊಳ್ಳುವ ಯೋಚನೆ ಇದೆ.

ಉತ್ತರ: ಗ್ಲಾಕ್‌ನಲ್ಲಿ ಸೇಫ್ಟಿ ಇಲ್ಲ ಅನ್ನುವುದು ತಪ್ಪು. ಕೈಗೆ ಸಿಗುವ ಲಿವರ್ ಇಲ್ಲ, ಅಷ್ಟೇ. ಒಳಗೆ ಮೂರು ತಡೆಗಳಿವೆ. ಟ್ರಿಗರ್ ಮಧ್ಯದಲ್ಲಿ ಒಂದು ಸಣ್ಣ ನಾಲಿಗೆ ಇರುತ್ತದೆ ನೋಡಿ, ಅದನ್ನು ಒತ್ತದೆ ಟ್ರಿಗರ್ ಹಿಂದಕ್ಕೆ ಬರುವುದಿಲ್ಲ. ಗುಂಡಿನ ಹಿಂಭಾಗಕ್ಕೆ ಬಡಿದು ಹಾರಿಸುವ ಫೈರಿಂಗ್ ಪಿನ್ ಮುಂದೆ ಹೋಗದಂತೆ ಹಿಡಿಯುವ ಒಂದು ಬ್ಲಾಕ್ ಇದೆ. ಕೆಳಗೆ ಬಿದ್ದರೂ ಪಿನ್ ಜಾರಿ ಹಾರದಂತೆ ಇನ್ನೊಂದು ತಡೆ ಇದೆ. ಟ್ರಿಗರ್ ಎಳೆದಂತೆ ಮೂರೂ ತೆರೆಯುತ್ತವೆ, ಬಿಟ್ಟರೆ ತಾವಾಗಿಯೇ ಮತ್ತೆ ಕೂರುತ್ತವೆ. ಆಸ್ಟ್ರಿಯಾದ ಸೇನೆ 1982ರಲ್ಲಿ ಇದನ್ನು ಆರಿಸಿಕೊಂಡಿತು.

ಆದರೆ ಇಲ್ಲಿ ಒಂದು ಮಾತು. ಈ ಮೂರೂ ತಡೆಗಳು ಪಿಸ್ತೂಲ್ ಬಿದ್ದಾಗ, ಅಲುಗಿದಾಗ ಕಾಪಾಡುತ್ತವೆ. ಟ್ರಿಗರ್ ಎಳೆದದ್ದು ನಿಮ್ಮ ಬೆರಳೋ ಜಾಕೆಟ್‌ನ ದಾರವೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲ್ ಚೀಲ) ಇಲ್ಲದೆ ಗ್ಲಾಕ್ ಇಟ್ಟುಕೊಳ್ಳಲೇಬೇಡಿ.

ಇನ್ನು 1911. ಜಾನ್ ಬ್ರೌನಿಂಗ್ ಅವರ ವಿನ್ಯಾಸ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡದ್ದು. ಹ್ಯಾಮರ್ ಎಳೆದು, ಹೆಬ್ಬೆರಳಿನ ಸೇಫ್ಟಿ ಮೇಲಕ್ಕೆ ಹಾಕಿ ಇಟ್ಟುಕೊಳ್ಳುವುದೇ ಅದರ ರೀತಿ. ನೋಡಲು ಭಯ, ಆದರೆ ಸೇಫ್ಟಿ ಹಾಕಿದಾಗ ಹ್ಯಾಮರ್ ಹಿಡಿದಿರುವ ಸಿಯರ್ ಎಂಬ ಕೊಕ್ಕೆ ಲಾಕ್ ಆಗಿರುತ್ತದೆ. ಜೊತೆಗೆ ಹಿಡಿಕೆಯ ಹಿಂಭಾಗದಲ್ಲಿ ಗ್ರಿಪ್ ಸೇಫ್ಟಿ, ಅಂಗೈ ಗಟ್ಟಿಯಾಗಿ ಒತ್ತದೆ ಟ್ರಿಗರ್ ಓಡುವುದಿಲ್ಲ. ಹಳೆಯ ಮಾದರಿಗಳ ಕೊರತೆ ಬೇರೆ ಕಡೆ ಇದೆ. ಅವುಗಳಲ್ಲಿ ಫೈರಿಂಗ್ ಪಿನ್‌ಗೆ ಬ್ಲಾಕ್ ಇಲ್ಲ, ನಳಿಗೆ ಕೆಳಗಾಗಿ ಜೋರಾಗಿ ಬಿದ್ದರೆ ಪಿನ್ ತನ್ನ ಭಾರಕ್ಕೇ ಮುಂದೆ ಹೋಗಬಹುದು. ಕೋಲ್ಟ್ ಕಂಪನಿ ತನ್ನ ಸೀರೀಸ್ 80ರಲ್ಲಿ ಇದಕ್ಕೆ ಬ್ಲಾಕ್ ಸೇರಿಸಿತು. ಬೀಳುವ ವಿಷಯ ಹಳೆಯ ಕಾಲದ್ದು ಮಾತ್ರ ಅಂದುಕೊಳ್ಳಬೇಡಿ. ಸಿಗ್ ಕಂಪನಿಯ ಪಿ320 ಪಿಸ್ತೂಲ್ ಕೆಲವು ಕೋನಗಳಲ್ಲಿ ಬಿದ್ದರೆ ಗುಂಡು ಹಾರಬಹುದು ಎಂದು ಗೊತ್ತಾದ ಮೇಲೆ 2017ರಲ್ಲಿ ಕಂಪನಿ ಬಿಡಿಭಾಗ ಬದಲಿಸಿಕೊಡಲು ಮುಂದಾಯಿತು.

ಮೂರನೆಯ ಜಾತಿಯೂ ಇದೆ. ಬೆರೆಟ್ಟಾ 92, ಸಿಗ್ ಪಿ226 ತರಹದವು. ಇವುಗಳಲ್ಲಿ ಮೊದಲ ಗುಂಡಿಗೆ ಟ್ರಿಗರ್ ಉದ್ದ ಮತ್ತು ಬಿಗಿ, ನಂತರದ ಗುಂಡುಗಳಿಗೆ ಹಗುರ. ಡಿಕಾಕರ್ ಲಿವರ್ ಒತ್ತಿದರೆ ಹ್ಯಾಮರ್ ಸುರಕ್ಷಿತವಾಗಿ ಕೆಳಗಿಳಿಯುತ್ತದೆ. ಸಿಗ್‌ನಲ್ಲಿ ಅದು ಬರೀ ಡಿಕಾಕರ್, ಬೆರೆಟ್ಟಾ 92ಎಫ್‌ನಲ್ಲಿ ಅದೇ ಲಿವರ್ ಸೇಫ್ಟಿಯೂ ಹೌದು. ಮತ್ತೆ ದಿಕ್ಕು ಗಮನಿಸಿ: 1911ರಲ್ಲಿ ಲಿವರ್ ಕೆಳಗೆ ಒತ್ತಿದರೆ ಗುಂಡು ಹಾರಿಸಲು ಸಿದ್ಧ, ಬೆರೆಟ್ಟಾದಲ್ಲಿ ಕೆಳಗೆ ಅಂದರೆ ಸೇಫ್! ಎರಡನ್ನೂ ಅದಲುಬದಲು ಬಳಸುವವರು ಇದರಲ್ಲೇ ಎಡವುತ್ತಾರೆ. ಅದಕ್ಕೇ ಹೊಸಬರಿಗೆ ನನ್ನ ಸಲಹೆ, ಮೊದಲ ವರ್ಷ ಒಂದೇ ಮಾದರಿಯಲ್ಲಿ ಕೈ ಪಳಗಿಸಿ. ಲಿವರ್ ಇದ್ದರೆ ಮನಸ್ಸಿಗೆ ನೆಮ್ಮದಿ ಅನಿಸಿದರೆ ಸ್ಮಿತ್ ಆ್ಯಂಡ್ ವೆಸನ್ ಎಂ&ಪಿಯಲ್ಲಿ ಹೆಬ್ಬೆರಳಿನ ಸೇಫ್ಟಿ ಇರುವ ಮಾದರಿ ಸಿಗುತ್ತದೆ. ಅದನ್ನು ನೋಡಿ.

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ. ಮನೆಯಲ್ಲಿ ತಾತನ ಕಾಲದ .32 ಪಿಸ್ತೂಲ್ ಇದೆ. ಕೊಡವರ ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬಕ್ಕೆ ಹೊರಗೆ ತೆಗೆಯುತ್ತೇವೆ. ಗುಂಡು ತುಂಬುವ ಮ್ಯಾಗಜೀನ್ ತೆಗೆದರೆ ಖಾಲಿ ಆದಂತೆ ಅಲ್ವಾ?

ಉತ್ತರ: ಅಲ್ಲ, ಖಂಡಿತ ಅಲ್ಲ. ಮ್ಯಾಗಜೀನ್ ಕೈಗೆ ಬಂದರೂ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಚೇಂಬರ್‌ನಲ್ಲಿ ಒಂದು ತೋಟಾ (ಗುಂಡು) ಉಳಿದಿರಬಹುದು, ಜೀವ ಹೋಗಲು ಅದೊಂದೇ ಸಾಕು. ಬ್ರೌನಿಂಗ್ ಹೈ ಪವರ್‌ನಲ್ಲಿ, ಹಳೆಯ ಎಫ್‌ಎನ್ 1910ರಲ್ಲಿ ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ಒಂದು ತಡೆ ಇತ್ತು. ಗ್ಲಾಕ್‌ನಲ್ಲಿ ಅದು ಇಲ್ಲ. ನಿಮ್ಮದರಲ್ಲಿ ಇದ್ದರೂ ಇಷ್ಟು ಹಳೆಯ ಸ್ಪ್ರಿಂಗನ್ನು ನಂಬಿ ಮಕ್ಕಳ ಎದುರು ಟ್ರಿಗರ್ ಎಳೆಯಬೇಡಿ, ದಯವಿಟ್ಟು.

ಕ್ರಮ ಹೀಗೆ. ನಳಿಗೆ ಜನರಿಲ್ಲದ ಕಡೆಗಿರಲಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ. ಮೊದಲು ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆಯಿರಿ, ಒಳಗಿದ್ದ ತೋಟಾ ಹೊರಗೆ ಹಾರುತ್ತದೆ. ಸ್ಲೈಡನ್ನು ಹಿಂದೆಯೇ ಹಿಡಿದು ಚೇಂಬರನ್ನು ಬೆಳಕಿನಲ್ಲಿ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಕ್ರಮ ತಿರುಗಿಸಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಏನಾಗುತ್ತದೆ ಗೊತ್ತಾ? ಒಂದು ತೋಟಾ ಹೊರಗೆ ಬಿದ್ದದ್ದನ್ನು ನೀವು ನೋಡುತ್ತೀರಿ, ಖಾಲಿ ಆಯಿತು ಅಂದುಕೊಳ್ಳುತ್ತೀರಿ, ಆದರೆ ಸ್ಲೈಡ್ ವಾಪಸ್ ಬರುವಾಗ ಮ್ಯಾಗಜೀನ್‌ನಿಂದ ಇನ್ನೊಂದನ್ನು ಚೇಂಬರ್‌ಗೆ ತಳ್ಳಿರುತ್ತದೆ. ಗ್ಲಾಕ್ ಇಟ್ಟುಕೊಂಡವರಿಗೂ ಇದು ಮುಖ್ಯ, ಯಾಕೆಂದರೆ ಅದನ್ನು ಸ್ವಚ್ಛ ಮಾಡಲು ಬಿಚ್ಚುವಾಗ ಟ್ರಿಗರ್ ಎಳೆಯಲೇಬೇಕು.

ಹಬ್ಬಕ್ಕೆ ಮೊದಲು ಒಮ್ಮೆ ಅನುಮತಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ತೋಟಾಗಳನ್ನು ಬೇರೆ ಬೀಗದಲ್ಲಿಡಿ.

ಪ್ರಶ್ನೆ: ನಾನು ಎಡಗೈಯವಳು. ಸೇಫ್ಟಿ ಹೆಬ್ಬೆರಳಿಗೆ ಎಟುಕುವುದೇ ಇಲ್ಲ. ಏನು ಮಾಡಲಿ?

ಉತ್ತರ: ಮೂಲ 1911ರ ಲಿವರ್ ಎಡಬದಿಗೆ ಮಾತ್ರ, ಅದು ಬಲಗೈ ಹೆಬ್ಬೆರಳಿಗೆ ಮಾಡಿದ್ದು. ಎರಡೂ ಬದಿ ಲಿವರ್ ಇರುವ 1911ಗಳು ಈಗ ಸಿಗುತ್ತವೆ. ಬೆರೆಟ್ಟಾ 92ಎಫ್‌ನಲ್ಲಿ ಸೇಫ್ಟಿ ಎರಡೂ ಕಡೆ ಇದೆ. ಗ್ಲಾಕ್‌ನಲ್ಲಿ ಸೇಫ್ಟಿ ಲಿವರ್ ತಂಟೆಯೇ ಇಲ್ಲ. ಅದರ ನಾಲ್ಕನೆಯ ತಲೆಮಾರಾದ ಜೆನ್ 4ರಿಂದ ಮ್ಯಾಗಜೀನ್ ಬಿಡಿಸುವ ಬಟನ್ ಬದಿ ಬದಲಿಸಬಹುದು, ಜೆನ್ 5ರಲ್ಲಿ ಸ್ಲೈಡನ್ನು ಹಿಂದೆ ಹಿಡಿದಿಡುವ ಸ್ಲೈಡ್ ಸ್ಟಾಪ್ ಕೂಡ ಎರಡೂ ಕಡೆ ಬಂತು. ಕೊಳ್ಳುವ ಮುಂಚೆ ಖಾಲಿ ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದು, ಹಿಡಿತ ಬದಲಿಸದೆ ಎಲ್ಲ ಬಟನ್‌ಗಳೂ ಎಟುಕುತ್ತವಾ ಅಂತ ರೇಂಜ್‌ನ ಕೋಚ್ ಎದುರೇ ನೋಡಿಕೊಳ್ಳಿ.