ಯೆರವರೋ, ರಾವುಲರೋ?

ಪ್ರಿಯ ಓದುಗರೇ,

ಕೊಡಗಿನ ಗೋಣಿಕೊಪ್ಪಲಿನಿಂದ ನೀವು ಬರೆದ ಪತ್ರ ಸಿಕ್ಕಿತು. ಅದರಲ್ಲಿ ಎರಡು ದೂರುಗಳಿವೆ. ಕಳೆದ ಸಂಚಿಕೆಯಲ್ಲಿ ಕೊಡವರನ್ನು ‘ಕೊಡಗರು’ ಎಂದು ಬರೆದೆವು. ಕಾಫಿ ಕೊಯ್ಲಿನ ಲೇಖನದಲ್ಲಿ, ಇಲ್ಲಿನ ತೋಟಗಳಲ್ಲಿ ದುಡಿಯುವ ಬುಡಕಟ್ಟಿನವರಾದ ಯೆರವರನ್ನು ‘ರಾವುಲರು’ ಎಂದೆವು. ‘ಊರಿಗೆಲ್ಲ ಗೊತ್ತಿರುವ ಹೆಸರು ಬಿಟ್ಟು ಇದೇನು ಹೊಸದು?’ ಎಂದು ಕೇಳಿದ್ದೀರಿ.

ಮೊದಲನೆಯದು ನಮ್ಮದೇ ತಪ್ಪು. ಕೊಡಗಿನವರು ಅಂದರೆ ಅರೆಭಾಷೆ ಗೌಡರು, ಮಾಪಿಳ್ಳೆಗಳು, ಕುರುಬರು, ಎಲ್ಲರೂ ಸೇರಿದರು. ಕೊಡವರು ಅಂದರೆ ಅದರಲ್ಲೊಂದು ಜನ. ಅವರು ತಮ್ಮನ್ನು ಕೊಡಗರು ಅಂದುಕೊಳ್ಳುವುದಿಲ್ಲ, ಹೊರಗಿನವರು ಹಾಗೆ ಕರೆದರು ಅಷ್ಟೆ. ಇಂಗ್ಲಿಷರಂತೂ ಕೊಡಗನ್ನು ಕೂರ್ಗ್ ಮಾಡಿದರು, ಮಡಿಕೇರಿಯನ್ನು ಮರ್ಕಾರಾ ಮಾಡಿದರು. 2011ರ ಜನಗಣತಿಯಲ್ಲೂ ಕೊಡವರ ಭಾಷೆಯಾದ ಕೊಡವ ತಕ್ಕ್ ಇರುವುದು ‘ಕೂರ್ಗಿ/ಕೊಡಗು’ ಎಂಬ ಹೆಸರಲ್ಲಿ.

ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ತಪ್ಪೂ ಇದೆ. ಕೊಡವ ಹಾಕಿ ಆಟಗಾರರೊಬ್ಬರ ಒಕ್ಕದ, ಅಂದರೆ ಮನೆತನದ, ಹೆಸರನ್ನು ನಾವು ಒಂದೇ ಅಕ್ಷರಕ್ಕೆ ಇಳಿಸಿದ್ದೆವು. ಕೆ.ಎಂ. ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ ಎಂದಷ್ಟೇ ಓದಿದರೆ ಇಬ್ಬರೂ ಕೊಡಂದೇರ ಒಕ್ಕದವರು ಅಂತ ಗೊತ್ತಾಗುತ್ತಾ? ದೇಶದ ಸೇನೆಯನ್ನು ಮುನ್ನಡೆಸಿದ ಇಬ್ಬರು ಒಂದೇ ಮನೆತನದವರು ಅನ್ನೋದು ಆ ‘ಕೆ.’ ಒಳಗೆ ಅಡಗಿ ಕೂತಿದೆ. 1997ರಲ್ಲಿ ಕೊಡಗಿನ ಕರಡ ಎಂಬ ಊರಲ್ಲಿ ಶುರುವಾದ ಕೊಡವರ ಹಾಕಿ ಹಬ್ಬದಲ್ಲಿ ತಂಡಗಳು ಆಡುವುದೇ ಒಕ್ಕದ ಹೆಸರಲ್ಲಿ.

ಈಗ ರಾವುಲರ ವಿಷಯ. ಲೇಖನಕ್ಕಾಗಿ ಒಂದು ತೋಟಕ್ಕೆ ಹೋಗಿದ್ದೆ. ಸಂಜೆ ಕಾಫಿ ಹಣ್ಣಿನ ತೂಕ ಮುಗಿದಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಮಡಚಿ ಹೊರಟರು. ಫೋಟೋ ತೆಗೆಸಿಕೊಂಡ ಅಜ್ಜಿ ಖಾಲಿ ಚೀಲ ಕೊಡವುತ್ತಾ ಕೇಳಿದರು, “ಏನಂತ ಬರೀತೀರಿ?” ಯೆರವರು ಅಂತ, ಅಂದೆ. “ಅದು ನೀವು ಕರೆಯೋದು. ನಾವು ರಾವುಲ.” ವಯನಾಡಿನ ಕಡೆ ಇದೇ ಜನರನ್ನು ಅಡಿಯರು ಅಂತಾರೆ. ಅಡಿಯ ಅಂದರೆ ಮಲಯಾಳದಲ್ಲಿ ಆಳು, ಜೀತದವನು. ಮೂರು ಹೆಸರಲ್ಲಿ ಅವರೇ ಇಟ್ಟುಕೊಂಡದ್ದು ಒಂದೇ.

ನೀವು ‘ನಮ್ಮನ್ನು ಕೊಡವರು ಅನ್ನಿ’ ಎಂದಿರಿ. ಅಜ್ಜಿ ಕೇಳಿದ್ದೂ ಅಷ್ಟೇ ಅಲ್ವಾ?

ಒಂದು ತೊಡಕಿದೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರುವುದು ‘ಯೆರವ’. ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಎಲ್ಲ ಆ ಹೆಸರಿನ ಮೇಲೆಯೇ. ಹಾಗಾಗಿ ಅಂಥ ಸುದ್ದಿಯಲ್ಲಿ ಯೆರವ ಅಂತಲೇ ಬರೆಯುತ್ತೇವೆ, ಉಳಿದ ಕಡೆ ರಾವುಲ. ಅಚ್ಚುಕಟ್ಟಾದ ನಿಯಮವೇನಲ್ಲ, ಒಪ್ಪುತ್ತೇನೆ.

ಅಂದಹಾಗೆ, ನೀವು ಒಕ್ಕದ ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿದ್ದೀರಿ. ಪತ್ರ ಅಚ್ಚಾಗುವಾಗ ಅದು ಪೂರ್ತಿಯಾಗೇ ಇರುತ್ತದೆ.

– ಸಂಪಾದಕ