ಕಾರ್ಲೆಸ್ ಕ್ವಾದ್ರಾತ್ ಗೆದ್ದ ಐಎಸ್‌ಎಲ್ ಕಪ್‌ನಲ್ಲಿ ಅವರ ಸ್ವಂತ ಪಾಲು ಎಷ್ಟು?

ಆಟಗಾರರಾಗಿ ಹೆಚ್ಚು ಹೆಸರು ಮಾಡದ ಕಾರ್ಲೆಸ್ ಕ್ವಾದ್ರಾತ್ ಅವರು ಬೆಂಗಳೂರು ಎಫ್‌ಸಿಯ ಮುಖ್ಯ ಕೋಚ್ ಆದ ಮೊದಲ ವರ್ಷವೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಕಪ್ ಗೆದ್ದದ್ದು ತಮ್ಮ ಸಾಮರ್ಥ್ಯದಿಂದಲೋ ಅಥವಾ ಹಿಂದಿನ ಮುಖ್ಯ ಕೋಚ್ ಆಲ್ಬರ್ಟ್ ರೋಕಾ ಕಟ್ಟಿಕೊಟ್ಟ ತಂಡದಿಂದಲೋ ಎಂದು ನೀವು ಕೇಳಿದ್ದೀರಿ. ರೋಕಾ ಅವರ ಪಾಲು ದೊಡ್ಡದೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ತಂಡವನ್ನು ಕಟ್ಟುವಾಗಲೂ ಕ್ವಾದ್ರಾತ್ ಜೊತೆಗೇ ಇದ್ದರು ಎಂಬುದನ್ನು ನಾವು ಬೇಗ ಮರೆಯುತ್ತೇವೆ.

1968ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಅವರು ಆ ನಗರದ ಹೆಸರಾಂತ ಕ್ಲಬ್‌ನ ಕಿರಿಯರ ವಿಭಾಗದಲ್ಲಿ ಬೆಳೆದ ಡಿಫೆಂಡರ್. ಆಟ ಬಿಟ್ಟ ಮೇಲೆ ತರಬೇತಿಯ ಕೆಲಸ ಹಿಡಿದು, ಡಚ್ ಕೋಚ್ ಫ್ರಾಂಕ್ ರೈಕಾರ್ಡ್ ಅವರ ಬಳಗದಲ್ಲಿ ತುರ್ಕಿಯ ಗಲಾತಸರಾಯ್ ಮತ್ತು ಸೌದಿ ಅರೇಬಿಯಾ ತಂಡಗಳಿಗೂ, ನಂತರ ರೋಕಾ ಅವರೊಂದಿಗೆ ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡಕ್ಕೂ ದುಡಿದರು. 2016ರಲ್ಲಿ ರೋಕಾ ಬೆಂಗಳೂರಿಗೆ ಬಂದಾಗ ಅವರ ಸಹಾಯಕರಾಗಿ ಬಂದವರು ಇವರೇ. ಅದೇ ವರ್ಷ ತಂಡವು ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಹಂತ ಮುಟ್ಟಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಎರಡು ಐಎಸ್‌ಎಲ್ ಫೈನಲ್‌ಗಳನ್ನು ಒಟ್ಟಿಗೆ ನೋಡಿದಾಗ. ರೋಕಾ ಮುಖ್ಯ ಕೋಚ್ ಆಗಿದ್ದಾಗ, 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ಸುನಿಲ್ ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರೂ ಬೆಂಗಳೂರು 2–3ರಿಂದ ಚೆನ್ನೈಯಿನ್‌ಗೆ ಸೋತಿತು. ಪ್ರಥಮಾರ್ಧದಲ್ಲಿ ಚೆನ್ನೈಯಿನ್‌ಗೆ ಬಂದ ಎರಡು ಗೋಲುಗಳೂ ಕಾರ್ನರ್ ಕಿಕ್‌ನಿಂದ ಬಂದವು. ಎರಡನ್ನೂ ತಲೆಯಿಂದ ಹೊಡೆದವರು ಮೈಲ್ಸನ್ ಆಲ್ವೆಸ್ ಎಂಬ ಒಬ್ಬನೇ ಡಿಫೆಂಡರ್. ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ತಂಡ, ನಿಂತ ಚೆಂಡಿನ ಎದುರು ಎಡವಿತ್ತು. ಸರಿಯಾಗಿ ಒಂದು ವರ್ಷದ ನಂತರ, ಕ್ವಾದ್ರಾತ್ ಅವರ ಕೈಕೆಳಗೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಎಫ್‌ಸಿ ಗೋವಾ ವಿರುದ್ಧದ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. ಅಹ್ಮದ್ ಜಾಹೂ ರೆಡ್ ಕಾರ್ಡ್ ಪಡೆದು ಹೊರನಡೆದಿದ್ದರಿಂದ ಗೋವಾ ಹತ್ತು ಮಂದಿಗೆ ಇಳಿದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ಡಿಫೆಂಡರ್ ರಾಹುಲ್ ಭೆಕೆ ತಲೆ ಕೊಟ್ಟರು. ಆ ಒಂದೇ ಗೋಲು ಕಪ್ ತಂದಿತು.

ಇದನ್ನು ಅದೃಷ್ಟ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಾರ್ನರ್, ಫ್ರೀ ಕಿಕ್, ಭೆಕೆಯ ಉದ್ದನೆಯ ಥ್ರೋ, ಇವುಗಳಿಂದ ಗೋಲು ತೆಗೆಯುವುದು ಕ್ವಾದ್ರಾತ್ ತಂಡದ ಗುರುತೇ ಆಗಿತ್ತು. ಚೆಂಡು ಎಲ್ಲಿ ಬೀಳುತ್ತದೆ, ಯಾರು ಯಾರನ್ನು ಕಾಯುತ್ತಾರೆ, ಕಾಯುವವನ ಕಣ್ಣು ಯಾವ ಕ್ಷಣದಲ್ಲಿ ತಪ್ಪುತ್ತದೆ ಎಂಬುದು ಡಿಫೆಂಡರ್ ಆಗಿ ಆಡಿದವನಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯುವುದು ಕಷ್ಟ ಎಂದೇ ನಾನು ನಂಬಿದ್ದೇನೆ. ಮರುವರ್ಷದ ಲೀಗ್‌ನಲ್ಲಿ 18 ಪಂದ್ಯಗಳಿಗೆ ತಂಡ ಬಿಟ್ಟುಕೊಟ್ಟದ್ದು 13 ಗೋಲು ಮಾತ್ರ. ಹೊಡೆದದ್ದೂ 22 ಮಾತ್ರ ಎಂಬುದು ಅದೇ ಕಥೆಯ ಇನ್ನೊಂದು ಮುಖ. ಗೋಲು ಹೊಡೆಯುವ ಸ್ಟ್ರೈಕರ್ ಮಿಕು ತಂಡ ಬಿಟ್ಟ ಮೇಲೆ ಮುಂದಿನ ಸಾಲಿಗೆ ಹೊಸ ಕಸುವು ತುಂಬಲು ಕ್ವಾದ್ರಾತ್ ಅವರಿಂದ ಆಗಲಿಲ್ಲ. 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಅವರು ಮತ್ತು ಕ್ಲಬ್ ಬೇರೆಯಾದರು. ಆ ನಿರ್ಧಾರ ಅವಸರದ್ದೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಗೆಲುವೆಲ್ಲ ರೋಕಾ ಅವರದೇ ಎನ್ನುವವರು ಕೋಲ್ಕತ್ತಾದ ಕ್ಲಬ್ ಈಸ್ಟ್ ಬೆಂಗಾಲ್‌ನ ಅಧ್ಯಾಯವನ್ನೂ ನೋಡಬೇಕು. ಅಲ್ಲಿ ರೋಕಾ ಕಟ್ಟಿದ್ದ ಯಾವ ಬುನಾದಿಯೂ ಇರಲಿಲ್ಲ. ಐಎಸ್‌ಎಲ್‌ಗೆ ಬಂದಂದಿನಿಂದ ಆ ತಂಡ ಪಟ್ಟಿಯ ಕೆಳಭಾಗದಲ್ಲೇ ಇತ್ತು. 2023ರಲ್ಲಿ ಅಧಿಕಾರ ವಹಿಸಿಕೊಂಡ ಕ್ವಾದ್ರಾತ್ ಮೊದಲು ಅದನ್ನು ಡುರಾಂಡ್ ಕಪ್ ಫೈನಲ್‌ಗೆ ಒಯ್ದರು. 2024ರ ಜನವರಿಯಲ್ಲಿ ಭುವನೇಶ್ವರದ ಸೂಪರ್ ಕಪ್ ಫೈನಲ್‌ನಲ್ಲಿ, ಹಿಂದೆ ಗೋವಾದಲ್ಲಿದ್ದ ಅದೇ ಜಾಹೂ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಒಡಿಶಾವನ್ನು ಸಮಕ್ಕೆ ತಂದರೂ, ಹೆಚ್ಚುವರಿ ಅವಧಿಯಲ್ಲಿ ಈಸ್ಟ್ ಬೆಂಗಾಲ್ 3–2ರಿಂದ ಗೆದ್ದಿತು. ಹನ್ನೆರಡು ವರ್ಷಗಳ ನಂತರ ಆ ಕ್ಲಬ್‌ಗೆ ದಕ್ಕಿದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಮುಂದಿನ ಐಎಸ್‌ಎಲ್ ಋತುವಿನ ಮೊದಲ ಮೂರು ಪಂದ್ಯಗಳನ್ನೂ ಸೋತ ಮೇಲೆ, ಸೆಪ್ಟೆಂಬರ್ ಕೊನೆಗೆ, ಅವರು ಆ ಹುದ್ದೆಯನ್ನೂ ಬಿಟ್ಟರು.